ಫೈನಲ್ಲಿಗೆ ವಿಷಲ್ ಹಿಡಿದದ್ದು

ಅಕ್ಷರ ಚೆನ್ನಾಗಿದೆ ಎಂದು ಯಾರಾದರೂ ಹೊಗಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮುತ್ತು ಪೋಣಿಸಿದಂತಹ ಅಕ್ಷರವಿರುವ ಹೆಣ್ಣುಮಕ್ಕಳು ದೈಹಿಕ ಶಿಕ್ಷಕಿಯರಾಗಬಾರದು. ಆಗಲೇಬೇಕೆಂದಿದ್ದರೆ ಮೊದಲು ಅಕ್ಷರ ಕೆಡಿಸಿಕೊಳ್ಳಬೇಕು. ನಾನು ದೊಡ್ಡಬೆಳವಂಗಲದ ಕಡೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಡಂ. ಕಬಡ್ಡಿ ರೆಫರಿ ಪರೀಕ್ಷೆ ಪಾಸು ಮಾಡಿದ ಮೇಲೆ ಹನ್ನೊಂದು ವರ್ಷ ತಾಲ್ಲೂಕು ಕ್ರೀಡಾಕೂಟದಲ್ಲಿ ನಾನು ಮಾಡಿದ್ದು ಒಂದೇ ಕೆಲಸ: ಶಾಮಿಯಾನದ ಕೆಳಗೆ ಕೂತು ಗೆದ್ದವರ ಹೆಸರನ್ನು ಸರ್ಟಿಫಿಕೇಟಿನ ಮೇಲೆ ಬರೆಯುವುದು. "ನಿಮ್ಮ ಅಕ್ಷರ ಇನ್ಯಾರ್ಗೂ ಬರಲ್ಲ ಬಿಡಿ ಮೇಡಂ" ಎನ್ನುತ್ತಿದ್ದರು ಕೂಟದ ಉಸ್ತುವಾರಿ ಹೊತ್ತ ಮುನಿರಾಜಪ್ಪ ಮೇಷ್ಟ್ರು. ಉಳಿದ ಮೇಡಂಗಳಲ್ಲಿ ಒಬ್ಬರಿಗೆ ಪದಕದ ತಟ್ಟೆ, ಇನ್ನೊಬ್ಬರಿಗೆ ಅತಿಥಿಗಳ ಹಾರ. ಹುಡುಗಿಯರ ಪಂದ್ಯಕ್ಕೂ ವಿಷಲ್ ಊದುವವರು ಗಂಡಸರೇ.

ಒಮ್ಮೆ ಧೈರ್ಯ ಮಾಡಿ, ನನಗೂ ಒಂದು ಪಂದ್ಯ ಊದಲು ಕೊಡಿ ಎಂದು ಮೇಷ್ಟ್ರನ್ನು ಕೇಳಿದೆ. "ಬಿಸಿಲು ಮೇಡಂ, ನಿಮಗ್ಯಾಕೆ ತೊಂದ್ರೆ" ಎಂದರು. ರಾಗಿ ಕೊಯ್ಯುವಾಗ ನಮ್ಮವ್ವನಿಗೆ ಬಿಸಿಲು ತಾಗುತ್ತದೆಯೇ ಎಂದು ಒಬ್ಬ ಪುಣ್ಯಾತ್ಮನೂ ಕೇಳಿದ್ದಿಲ್ಲ. ಮೈದಾನದಲ್ಲಿ ಹೆಂಗಸರಿಗೊಂದು ಶೌಚಾಲಯವಿಲ್ಲ, ಅದಕ್ಕೇ ನಾವು ಬೆಳಗಿನಿಂದ ಸಂಜೆಯವರೆಗೆ ಗುಟುಕು ನೀರೂ ಕುಡಿಯದೆ ಕೂರುತ್ತೇವೆ. ಆ ತೊಂದರೆ ಮಾತ್ರ ಯಾರ ಕಣ್ಣಿಗೂ ಬೀಳದು. ಮರೆತುಹೋದೀತು ಎಂದು ನಾನು ಮನೆಯ ತಾರಸಿಯ ಮೇಲೆ ಆಗಾಗ ವಿಷಲ್ ಊದಿ ಅಭ್ಯಾಸ ಮಾಡುತ್ತಿದ್ದೆ. "ಬೀದಿ ನಾಯೆಲ್ಲ ಬಂದು ಬಾಗ್ಲಲ್ಲಿ ನಿಂತವೆ ಕಣಮ್ಮ, ಸಾಕು ಮಾಡು" ಎಂದು ಕೆಳಗಿನಿಂದ ಅತ್ತೆ ಕೂಗುತ್ತಿದ್ದರು. ನಾಯಿಗಳಾದರೂ ಬಂದವಲ್ಲ ಎಂದುಕೊಂಡು ಇಳಿದು ಬರುತ್ತಿದ್ದೆ.

ಹೋದ ವರ್ಷ ಕಬಡ್ಡಿ ಊದುವ ಇಬ್ಬರು ಮೇಷ್ಟ್ರುಗಳಿಗೆ ಚುನಾವಣಾ ಕೆಲಸದ ತರಬೇತಿ ಬಿತ್ತು. ಮುನಿರಾಜಪ್ಪನವರು ಸುತ್ತಮುತ್ತ ನೋಡಿ, ಬೇರೆ ಗತಿಯಿಲ್ಲದೆ ನನ್ನ ಮುಂದೆ ಬಂದು ನಿಂತರು. "ಹುಡುಗೀರ ಫೈನಲ್ ಒಂದು ನೀವೇ ನೋಡ್ಕೊಳ್ಳಿ ಮೇಡಂ." ಆ ಫೈನಲ್ಲಿನಲ್ಲಿ ಟೌನಿನ ಸ್ಕೂಲಿನ ಎದುರು ಆಡುತ್ತಿದ್ದದ್ದು ನಮ್ಮ ಸ್ಕೂಲೇ. ಸ್ವಂತ ಸ್ಕೂಲಿನ ಪಂದ್ಯಕ್ಕೆ ಊದಬಾರದು ಎಂಬುದು ಪರೀಕ್ಷೆ ಪಾಸಾದ ನನಗೆ ಗೊತ್ತಿಲ್ಲದ್ದೇನಲ್ಲ. ಹನ್ನೊಂದು ವರ್ಷದ ಆಸೆ ಬಾಯಿ ಕಟ್ಟಿತು. ಪೆನ್ನು ಬಿಸಾಕಿ ಎದ್ದುಬಿಟ್ಟೆ.

ನಮ್ಮ ತಂಡದ ಜೀವ ಭವ್ಯ. ಹತ್ತನೇ ಕ್ಲಾಸು, ಸಣಕಲು ಮೈ, ಬಾಳೆದಿಂಡಿನಂತೆ ಜಾರುತ್ತಾಳೆ. ಅವಳ ಅಪ್ಪ ಮೊದಲೇ ನನಗೆ ಹೇಳಿದ್ದರು: "ಈ ಸಲ ಜಿಲ್ಲೆಗೆ ಹೋದ್ರೆ ಆಡ್ಲಿ ಮಿಸ್, ಬ್ಯಾಡ ಅನ್ನಲ್ಲ. ಇಲ್ದಿದ್ರೆ ಇಲ್ಲಿಗೆ ನಿಲ್ಲುಸ್ಬುಡಿ. ಹೆಣ್ಮಗ ಕೈಕಾಲು ಮುರ್ಕೊಂಡ್ರೆ ಯಾರ್ ನೋಡ್ತಾರೆ?" ಗೆದ್ದರೆ ಜಿಲ್ಲೆ, ಅಲ್ಲಿ ಕಣ್ಣಿಗೆ ಬಿದ್ದರೆ ಕ್ರೀಡಾ ಹಾಸ್ಟೆಲು ಎಂದು ಅವಳಿಗೆ ಆಸೆ ಹಚ್ಚಿದವಳೂ ನಾನೇ.

ಆಟ ಶುರುವಾಗುವ ಮುಂಚೆಯೇ ಟೌನಿನ ಸ್ಕೂಲಿನ ಮೇಷ್ಟ್ರು ಎಲ್ಲರಿಗೂ ಕೇಳುವಂತೆ ಅಂದರು: "ಏನ್ಸಾರ್ ಇದು, ಅವರ ಸ್ಕೂಲಿಗೆ ಅವರ ಮೇಡಮ್ಮೇ ಊದ್ತಾರಾ? ಕಪ್ ಈಗ್ಲೇ ಕೊಟ್ಬಿಡಿ, ಮನೆಗೋಗೋಣ." ಮುನಿರಾಜಪ್ಪನವರು ನನ್ನ ಕಿವಿಯ ಹತ್ತಿರ ಬಂದು, "ಹೆಂಗಸ್ರಿಗೆ ಕೊಟ್ಟಿದ್ದೇ ತಪ್ಪಾಯ್ತು ಅನ್ನಿಸ್ಬೇಡಿ ಮೇಡಂ" ಎಂದರು.

ಕೊನೆಯ ರೇಡು. ನಾವು ಒಂದು ಪಾಯಿಂಟು ಹಿಂದೆ. ಭವ್ಯ ಒಳಗೆ ನುಗ್ಗಿ ಇಬ್ಬರನ್ನು ಮುಟ್ಟಿ ತಿರುಗುವಷ್ಟರಲ್ಲಿ ಆ ಇಬ್ಬರೂ ಅವಳ ಕಾಲು ಹಿಡಿದು ಕೆಡವಿದರು. ಬಿದ್ದಲ್ಲಿಂದಲೇ ಕೈ ಚಾಚಿದಳು. ನಡುಗೆರೆಯ ಪಕ್ಕದಲ್ಲೇ ಬಗ್ಗಿ ನಿಂತಿದ್ದ ನಾನು ನೋಡಿದೆ: ಎರಡು ಬೆರಳು ಗೆರೆಯ ಸುಣ್ಣದ ಮೇಲಿದ್ದವು. ಅಂದರೆ ಅವಳು ಮುಟ್ಟಿದ ಇಬ್ಬರೂ ಔಟು, ಎರಡು ಪಾಯಿಂಟು ನಮ್ಮದು, ಕಪ್ಪೂ ನಮ್ಮದು. ಆದರೆ ತಲೆ ಎತ್ತಿದರೆ ಮೈದಾನದಲ್ಲಿದ್ದವರೆಲ್ಲ ಗೆರೆಯನ್ನು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ವಿಷಲ್ ಊದಿ, ಭವ್ಯ ಔಟ್ ಎಂದು ಕೈ ಎತ್ತಿದೆ.

"ಶಭಾಷ್ ಮೇಡಂ!" ಮುನಿರಾಜಪ್ಪನವರು ಓಡೋಡಿ ಬಂದರು. "ಸ್ವಂತ ಮಕ್ಳು ಅಂತಾನೂ ನೋಡ್ಲಿಲ್ಲವಲ್ಲ! ಇನ್ಮೇಲೆ ಫೈನಲ್ ನಿಮ್ದೇ." ಟೌನಿನ ಮೇಷ್ಟ್ರು ಕೈ ಮುಗಿದು ತಪ್ಪಾಯಿತು ಎಂದರು. ಹನ್ನೊಂದು ವರ್ಷದಲ್ಲಿ ನನಗೆ ಸಿಕ್ಕ ಮೊದಲ ಮರ್ಯಾದೆ ಅದು. ನಾಚಿಕೆಯಿಲ್ಲದೆ ಹೇಳುತ್ತೇನೆ, ಅರ್ಧ ಗಂಟೆ ಖುಷಿಯೂ ಆಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಭವ್ಯ ನನ್ನ ಪಕ್ಕ ಕೂತಳು. ಬೆರಳ ತುದಿಯಲ್ಲಿ ಸುಣ್ಣ ಇನ್ನೂ ಹಾಗೇ ಇತ್ತು.

"ಮಿಸ್, ಕೈ ತಾಗ್ಲಿಲ್ವಾ?"

"ಇಷ್ಟರಲ್ಲಿ ತಪ್ಪೋಯ್ತು ಕಣೇ" ಎಂದು ಬೆರಳು ತೋರಿಸಿದೆ.

"ನಂಗ್ ತಾಗ್ದಂಗಿತ್ತು." ಬೆರಳ ಸುಣ್ಣವನ್ನು ಬಟ್ಟೆಗೆ ಒರೆಸಿಕೊಂಡಳು. "ಬೇರೆ ಯಾರಾದ್ರೂ ಔಟ್ ಕೊಟ್ಟಿದ್ರೆ ಜಗಳಕ್ಕೇ ಹೋಗ್ತಿದ್ದೆ ಮಿಸ್. ನೀವಲ್ವಾ, ಸರಿಯಾಗೇ ನೋಡಿರ್ತೀರ."

ಅವಳ ಅಪ್ಪ ಹೇಳಿದಂತೆಯೇ ಮಾಡಿದರು. ಅವಳೀಗ ಕಾಲೇಜಿಗೆ ಹೋಗುತ್ತಾಳೆ, ಆಡುವುದಿಲ್ಲ. ಈ ವರ್ಷದ ಫೈನಲ್ಲು ನನಗೇ ಬಂದಿದೆ. ಕೂಟದ ಪತ್ರದಲ್ಲಿ ರೆಫರಿಗಳ ಪಟ್ಟಿಯಲ್ಲಿ ನನ್ನ ಹೆಸರು ಎಲ್ಲರಿಗಿಂತ ಮೇಲಿದೆ. ಒಲ್ಲೆ ಎನ್ನೋಣವೆಂದು ಫೋನು ಕೈಗೆತ್ತಿಕೊಂಡವಳು, "ಬರ್ತೀನಿ ಸರ್" ಎಂದುಬಿಟ್ಟೆ. ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಭವ್ಯ ಕೇಳಿದಳು: "ನಾನೂ ರೆಫರಿ ಪರೀಕ್ಷೆ ಬರೀತೀನಿ ಮಿಸ್. ನೀವು ಹೆಂಗೆ ತೀರ್ಪು ಕೊಡ್ತೀರ ಅಂತ ನೋಡಕ್ಕೆ ಫೈನಲ್ ದಿನ ಬರ್ಲಾ?" ಬರಬೇಡ ಎನ್ನಲು ಒಂದು ನೆಪ ಬೇಕಾಗಿದೆ. ಮೂರು ದಿನದಿಂದ ಹುಡುಕುತ್ತಿದ್ದೇನೆ, ಒಂದೂ ಸಿಕ್ಕಿಲ್ಲ.