ಆಳ್ವರ ಇಟಲಿ ರಥಕ್ಕೆ ಇಬ್ಬರು ಸಾರಥಿಗಳು

ಕೇಳಿರಯ್ಯಾ, ಕಿವಿಯಿದ್ದವರೆಲ್ಲ ಕೇಳಿರಿ. ಕುದುರೆಗಳೆಲ್ಲ ಮಾಯವಾಗಿ ಕುದುರೆಶಕ್ತಿಯೊಂದೇ ಉಳಿದಿರುವ ಈ ಕಲಿಯುಗದಲ್ಲಿ, ಪಡುಗಡಲ ತಡಿಯ ಸುರತ್ಕಲ್ಲೆಂಬ ಪಟ್ಟಣದಲ್ಲಿ, ಬಹರೈನ್-ಪ್ರತ್ಯಾಗತರೂ ಅತ್ತರು-ಲೇಪಿತರೂ ಸ್ವಪ್ರಶಂಸಾ-ಧುರಂಧರರೂ ಆದ ಐತಪ್ಪ ಆಳ್ವರೆಂಬ ಮಹಾರಥಿಗಳಿದ್ದರು. ಅವರ ಕೀರ್ತಿಯನ್ನು ಹಾಡಲು ನಾಲಗೆಗೆ ಬಲ ಕೊಡು ತಾಯೇ. ನಗು ತಡೆದುಕೊಳ್ಳುವ ಬಲವನ್ನೂ ಜೊತೆಗೇ ಕೊಡು.

ಊರವರು ಊರಲ್ಲೇ ಸಿಗುವ ಕಾರು ಕೊಂಡು ಸುಖವಾಗಿದ್ದರು. ಆಳ್ವರಿಗೆ ಅದು ಸಾಲಲಿಲ್ಲ. ಇಟಲಿಯಿಂದ ಹಡಗಿನಲ್ಲಿ ರಥ ತರಿಸಿದರು. ಬಂದರಿನಲ್ಲಿ ಎಂಟು ತಿಂಗಳ ಅಜ್ಞಾತವಾಸ ಮುಗಿಸಿ ಹೊರಬಂದ ಆ ದಿಗ್ವಿಜಯ-ಸ್ಯಂದನವು ಬೈಹುಲ್ಲಿನಲ್ಲಿ ಕಟ್ಟಿದ ನಾಲ್ಕು ಅಕ್ಕಿಮುಡಿಗಳನ್ನು ಒತ್ತೊತ್ತಾಗಿ ಇಟ್ಟಷ್ಟು ಇತ್ತು, ಹೆಚ್ಚಿಲ್ಲ. ಸ್ಟೇರಿಂಗು ಎಡಕ್ಕಿತ್ತು. ಬಲಕ್ಕೆ ತಾರದೆ ರಸ್ತೆಗೆ ಬಿಡಲಾಗದೆಂದು, ಗಾಡಿ ಪರೀಕ್ಷಿಸುವ ಬ್ರೇಕ್ ಇನ್‌ಸ್ಪೆಕ್ಟರು ಹೇಳಿದರು.

ಆಗ ರಣರಂಗಕ್ಕಿಳಿದವನು ಸ್ಪ್ಯಾನರ್-ಪಾಣಿ, ಗ್ರೀಸ್-ಚರ್ಚಿತಾಂಗ ಮೆಕ್ಯಾನಿಕ್ ಹಸನಬ್ಬ. ಮೂವತ್ತೇಳು ದಿನ ಕಾದಾಡಿ, ಸೈಕಲ್ಲಿನ ಚೈನು ಜೋಡಿಸಿ ಸ್ಟೇರಿಂಗನ್ನು ಬಲಕ್ಕೆ ತಂದ. ಚೈನಿಗೆ ದಾರಿ ಬೇಕೆಂದು ಕೈಬ್ರೇಕನ್ನು ಕಿತ್ತೆಸೆದ. ಪೆಡಲುಗಳು ಮಾತ್ರ ಎಡದಲ್ಲೇ ಉಳಿದವು. ಅವನ್ನು ಸರಿಸಲು ಇಡೀ ಇಂಜಿನು ಇಳಿಸಬೇಕು, ಇಳಿಸಿದರೆ ಮತ್ತೆ ಏರಿಸುವ ಧೈರ್ಯ ತನಗಿಲ್ಲ ಎಂದು ಕೈತೊಳೆದುಕೊಂಡ.

ಆಳ್ವರು ಮೂರು ದಿನ ಮೀಸೆ ನೀವಿ, ನಾಲ್ಕನೆಯ ದಿನ ಧರ್ಮಪತ್ನಿ ಜಲಜಾಕ್ಷಿಯವರನ್ನು ಎಡಗಡೆ ಕೂರಿಸಿದರು. ಸ್ಟೇರಿಂಗು ಪತಿಗೆ, ಕ್ಲಚ್ಚು, ಬ್ರೇಕು, ಆಕ್ಸಿಲರೇಟರು ಸತಿಗೆ, ನಡುವಿನ ಗೇರು ಯಾರ ಕೈಗೆ ಮೊದಲು ಸಿಕ್ಕಿತೋ ಅವರಿಗೆ. ಸೀರೆಯ ನೆರಿಗೆಯಡಿ ಪಾದ ಕಾಣುವುದಿಲ್ಲ, ಇನ್‌ಸ್ಪೆಕ್ಟರಿಗೆ ತಿಳಿಯುವುದಿಲ್ಲ. ಇದೇ ಆಳ್ವರು ರಚಿಸಿದ ಮಹಾವ್ಯೂಹ. ಪರೀಕ್ಷೆಯಲ್ಲಿ ಸೋತರೆ ನಂಬರಿಲ್ಲ, ನಂಬರಿಲ್ಲದಿದ್ದರೆ ರಥ ಗುಜರಿಗೆ.

ಆ ಮಹಾದಿನ ಇನ್‌ಸ್ಪೆಕ್ಟರು ಮೊಣಕಾಲನ್ನು ಗದ್ದಕ್ಕೆ ಒತ್ತಿಕೊಂಡು ಹಿಂದಿನ ಸೀಟಿನಲ್ಲಿ ಮುದುಡಿ ಕುಳಿತರು. ರಥ ಗುಡುಗಿತು, ಇಳಿಜಾರಿಗೆ ಬಂತು. ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಆಳ್ವರು ಗೆದ್ದಿದ್ದರು. ಅದು ಅವರ ವಂಶದಲ್ಲಿ ಇಲ್ಲ.

"ಸಾಹೇಬರೆ, ಸಾಗರೋಲ್ಲಂಘನ ಮಾಡಿ ಬಂದ ಈ ಯಂತ್ರಾಶ್ವವನ್ನು ಪಳಗಿಸಿದ್ದು ಈ ಎರಡು ಭುಜಗಳು. ಇವಳು ಸುಮ್ಮನೆ ಗಾಳಿಗೆ ಕೂತವಳು. ಹೆಂಗಸರಿಗೆ ಗಾಡಿಯ ವಿಷಯ ಎಂತ ಗೊತ್ತುಂಟು?"

ಜಲಜಾಕ್ಷಿಯವರು ಗೇರನ್ನು ನ್ಯೂಟ್ರಲಿಗೆ ತಳ್ಳಿ, ಎರಡೂ ಪಾದಗಳನ್ನು ಎತ್ತಿ, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರು. ಇಳಿಜಾರು ರಥವನ್ನು ಎಳೆದುಕೊಂಡಿತು. ಕೆಳಗೆ ರಸ್ತೆಯ ಬದಿಯಲ್ಲಿ ಬಂಗುಡೆಯ ಬುಟ್ಟಿ, ಬುಟ್ಟಿಯ ಹಿಂದೆ ಮೀನು ಮಾರುವ ಹೆಂಗಸು.

"ಜಲಜಾ, ಬ್ರೇಕ್ ಹಿಡಿ."

"ನಾನು ಗಾಳಿಗೆ ಕೂತವಳಲ್ವಾ."

"ಆಯ್ತು ಮಾರಾಯ್ತಿ, ನೀನೇ ಓಡಿಸುವುದು."

"ನನಗೆ ಹೇಳಿ ಎಂತ ಪ್ರಯೋಜನ? ಸಾಹೇಬರಿಗೆ ಹೇಳಿ."

ಜಗದೇಕವೀರರು ಕತ್ತು ತಿರುಗಿಸಿ, ಸೊಳ್ಳೆಯ ದನಿಯಲ್ಲಿ, "ಸಾಹೇಬರೆ, ಇವಳೇ ಓಡಿಸುವುದು" ಎಂದರು. ಪಾದವಿಳಿಯಿತು. ಬುಟ್ಟಿಗೆ ಒಂದು ಗೇಣು ಬಾಕಿ ಇರುವಾಗ ರಥ ನಿಂತಿತು. ಮೀನಿನ ಹೆಂಗಸು ಬುಟ್ಟಿಯನ್ನು ಆಚೆ ಎಳೆದುಕೊಂಡು, ಒಳಗಿದ್ದ ಮೂವರನ್ನೂ ಒಮ್ಮೆ ನೋಡಿ, ನೊಣ ಓಡಿಸಿದಳು.

ಹಿಂದಿನ ಸೀಟಿನಿಂದ ಕಷ್ಟಪಟ್ಟು ಬಿಡುಗಡೆಗೊಂಡ ಇನ್‌ಸ್ಪೆಕ್ಟರು ಸೊಂಟ ನೆಟ್ಟಗೆ ಮಾಡಿಕೊಂಡು, ಡ್ರೈವರ್ ಯಾರೆಂದು ಬರೆದುಕೊಳ್ಳಲಿ ಎಂದು ಕೇಳಿದರು.

"ಅರ್ಧ ಅವರು, ಅರ್ಧ ನಾನು" ಎಂದರು ಜಲಜಾಕ್ಷಿಯವರು. "ನಿಲ್ಲುವುದು ನನ್ನ ಅರ್ಧದಲ್ಲಿ."

ಫಾರಮ್ಮಿನಲ್ಲಿ ಒಬ್ಬರಿಗೇ ಜಾಗವಿತ್ತು. ಇನ್‌ಸ್ಪೆಕ್ಟರು ಅದನ್ನು ತುಂಬದೆಯೇ ಮಡಚಿ ಜೇಬಿಗಿಟ್ಟು, ನಂಬರು ಕೊಡದೆ ನಡೆದೇ ಹೋದರು.

ಗೂಡ್ಸ್ ರಿಕ್ಷಾವೊಂದಕ್ಕೆ ಹಗ್ಗ ಕಟ್ಟಿ ಆ ದಿಗ್ವಿಜಯ-ಸ್ಯಂದನವನ್ನು ಗುಜರಿ ಅಂಗಡಿಗೆ ಎಳೆಸಲಾಯಿತು. ಎಳೆಸಿಕೊಳ್ಳುವ ಗಾಡಿಯನ್ನೂ ತಿರುಗಿಸಲು ಒಬ್ಬರು ಬೇಕು, ತಡೆಯಲು ಒಬ್ಬರು ಬೇಕು. ಆದ್ದರಿಂದ ದಾರಿಯುದ್ದಕ್ಕೂ ಇಬ್ಬರೂ ಒಳಗೆ ಕೂತೇ ಹೋದರು, ಅವರು ಸ್ಟೇರಿಂಗು, ಇವರು ಬ್ರೇಕು.