ಅತ್ತೆಯ ಫೋನೂ ನನ್ನ ಧೈರ್ಯವೂ

ನಮ್ಮ ಮನೆಯೊಳಗೆ ಟೆನ್ಷನ್ ಕಾಲಿಡಕೂಡದು! ಹೆಂಡತಿ ರಂಜನಾಗೆ ಏಳು ತಿಂಗಳು ತುಂಬಿದ ದಿನ, ಆಂಟಾಪ್ ಹಿಲ್‌ನ ನಮ್ಮ ಒಂದೇ ಕೋಣೆಯ ಸಾಮ್ರಾಜ್ಯದಲ್ಲಿ ನಾನು ಹೊರಡಿಸಿದ ರಾಜಾಜ್ಞೆ ಇದು. ಚೊಚ್ಚಲ ಬಸುರಿಯ ಮನಸ್ಸು ಹಗುರವಾಗಿರಲಿ ಎಂದಿದ್ದರು ಡಾಕ್ಟರು. ಅಷ್ಟು ಸಾಕಾಯಿತು ನನಗೆ! ಟೀವಿಯ ಸುದ್ದಿ ಬಂದ್. ಕುಕ್ಕರ್ ಸೀಟಿ ಹೊಡೆಯುವ ಮೊದಲೇ ಓಡಿಹೋಗಿ ಗ್ಯಾಸ್ ಆರಿಸುತ್ತಿದ್ದೆ.

ಉಳಿದಿದ್ದ ಶತ್ರು ಒಬ್ಬರೇ, ಅಫಜಲಪುರದ ನನ್ನ ಅತ್ತೆ ಸುಂದ್ರವ್ವ. ದಿನಾ ಫೋನು! ತಾಯಿ-ಮಗಳು ಪಿಸುಗುಡುತ್ತಿದ್ದರು. ನಾನು ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು, ರಂಜನಾಳ ಮುಖ ಸಪ್ಪಗಾಗುತ್ತಿತ್ತು. ಏನೇನೋ ಹೇಳಿ ಹೆದರಿಸುತ್ತಿದ್ದಾರೆ ಎಂದು ತೀರ್ಮಾನಿಸಿ, ಮೊನ್ನೆ ಅವಳ ಮೊಬೈಲನ್ನೇ ಸದ್ದಡಗಿಸಿ ನನ್ನ ಬ್ಯಾಗಿಗೆ ಸೇರಿಸಿಕೊಂಡು ಫೋರ್ಟಿನ ಆಫೀಸಿಗೆ ಹೊರಟೆ.

ಸಂಜೆ ವಿಜಯಶಾಲಿಯಾಗಿ ಲೋಕಲ್ ರೈಲು ಇಳಿದು ಬಂದರೆ ಬಾಗಿಲಿಗೆ ಬೀಗ! ರಂಜನಾಗೆ ಫೋನ್ ಮಾಡಿದೆ. ನನ್ನ ಹೆಗಲ ಬ್ಯಾಗೇ ಗುರ್ ಎಂದಿತು.

ಪಕ್ಕದ ಮನೆಯ ಶುಭಾಂಗಿ ಹೊರಗೆ ಬಂದಳು. "ಅರೇ ಭಾವೂಜಿ, ಎಲ್ಲಿ ಇದ್ದಿರಿ? ಮಧ್ಯಾಹ್ನದಿಂದ ಬೇಬಿ ಹಿಲ್‌ತಾ ನಹೀ ಥಾ, ಹೊಟ್ಟೆಯಲ್ಲಿ ಅಲುಗಾಟವೇ ಇಲ್ಲ. ರಂಜನಾ ವಹಿನಿ ಫೋನ್ ಹುಡುಕಿ ಹುಡುಕಿ ಅತ್ತಳು. ನಿಮ್ಮ ನಂಬರ್ ಯಾರಿಗೂ ಬಾಯಿಪಾಠ ಇಲ್ಲ. ನನ್ನ ಸಾಸೂಬಾಯಿ, ನಮ್ಮ ಅತ್ತೆ, ಅವರ ಜೊತೆ ಹಾಸ್ಪಿಟಲ್ ಗಯೀ!"

ರಸ್ತೆಗೆ ಓಡಿದೆ. ಟ್ಯಾಕ್ಸಿ ಸಿಕ್ಕಿತು, ಆದರೆ ದಾರಿ ತುಂಬ ಕೆಂಪು ಸಿಗ್ನಲ್. "ದೇವರೇ, ಕೂಸಿಗೆ ಏನೂ ಆಗದಿರಲಿ, ಜನ್ಮದಲ್ಲಿ ಯಾರ ಫೋನೂ ಮುಟ್ಟಲ್ಲ" ಎಂದು ಜೋರಾಗಿಯೇ ಬಿಕ್ಕಿದೆ. ಟ್ಯಾಕ್ಸಿಯವನು ಹಿಂತಿರುಗಿ ನೋಡಿ ರೇಡಿಯೊ ಆರಿಸಿದ.

ರಂಜನಾ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಳು. ಕಣ್ಣು ಊದಿದ್ದವು.

"ಕೂಸು?"

"ಅರಾಮ ಅದರಿ. ನಿದ್ದಿ ಮಾಡಿತ್ತಂತ. ಈಗ ಒದಿಲಾಕತ್ತದ. ನನ್ನ ಫೋನ್ ನೋಡಿರೇನ್ರಿ?"

ತಲೆ ತಗ್ಗಿಸಿ ಬ್ಯಾಗಿನಿಂದ ತೆಗೆದೆ. ಅವಳು ಫೋನನ್ನೂ ನನ್ನನ್ನೂ ನೋಡಿದಳು.

"ನಿನಗ ಟೆನ್ಷನ್ ಆಗಬಾರದಂತ... ನಿಮ್ಮವ್ವ ಹೆದರಸ್ತಾರಲ್ಲ!"

ಅಷ್ಟರಲ್ಲಿ ಅದು ಮತ್ತೆ ಗುರ್ ಎಂದಿತು. ಅತ್ತೆ!

"ನೀವೇ ಎತ್ತರಿ. ಸ್ಪೀಕರ್ ಹಾಕ್ರಿ" ಎಂದಳು ರಂಜನಾ.

ನಾನು ಹಲೋ ಎನ್ನುವ ಮೊದಲೇ ಅತ್ತೆ ಶುರುಮಾಡಿದರು: "ಯವ್ವಾ ರಂಜನಾ, ಮುಂಜಾನಿಂದ ಫೋನ್ ಯಾಕ ಎತ್ತವಲ್ಲಿ? ಅಳಿಯಂದಿರ ಅಂಜಿಕಿ ಇವತ್ತರೆ ಕಮ್ಮಿ ಆಯ್ತೇನು? ಇನ್ನಾ ಕುಕ್ಕರಿಗೆ ಬೆದರತಾರೇನು? ಸಿಟ್ಟು ಮಾಡಬ್ಯಾಡವಾ, ಧೈರ್ಯ ಹೇಳು. ಪಾಪ, ಅವರಿಗೂ ಇದು ಚೊಚ್ಚಲ ಅಲ್ಲೇನು!"