ಹೆಬ್ಬೆರಳು ಒತ್ತಿ ಆರಿಸಿದ ಗೇರ್‌ಬಾಕ್ಸ್ ಮೌಂಟು

ಶಿಡ್ಲಘಟ್ಟದಲ್ಲಿ ನನ್ನ ಹೆಬ್ಬೆರಳಿಗೆ ಒಂದು ಮರ್ಯಾದೆಯಿದೆ. ರೇಷ್ಮೆ ನೂಲು ತೆಗೆಯುವುದು ನಮ್ಮ ಮನೆತನದ ಕಸುಬು. ಬೆಳಗಾದರೆ ಮಾರ್ಕೆಟ್ಟಿಗೆ ಹೋಗಿ, ರಾಶಿಯಿಂದ ಒಂದು ಗೂಡೆತ್ತಿ, ಹೆಬ್ಬೆರಳಲ್ಲಿ ಒತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ ತೀರ್ಪು ಕೊಡುವವನು ನಾನು. ಬಗ್ಗದಿದ್ದರೆ ಒಳ್ಳೆಯ ಗೂಡು, ಬಗ್ಗಿದರೆ ಬೇಡ. ಲೋಕದ ಸಕಲ ವಸ್ತುಗಳಿಗೂ ಈ ಒಂದೇ ನ್ಯಾಯ ಸಾಕೆಂದು ಪ್ರಾಮಾಣಿಕವಾಗಿ ನಂಬಿದ್ದೆ. ನಂಬಿದ್ದು ತಪ್ಪಲ್ಲ. ಅದನ್ನು ಕಾರಿಗೆ ಹಾಕಿದ್ದು ತಪ್ಪು!

ಕಾರೆಂದರೆ ಟರ್ಬೊ ಇಂಜಿನ್ನಿನ ಕೆಂಪು ಕಾರು. ಕಾಲೇಜು ಹುಡುಗರು ಓಡಿಸಬೇಕಾದ್ದನ್ನು ಕೂದಲಿಗೆ ಬಣ್ಣ ಹಚ್ಚುವ ವಯಸ್ಸಿನ ನಾನು ಸೆಕೆಂಡ್ ಹ್ಯಾಂಡಿನಲ್ಲಿ ತಂದಿದ್ದೆ. ನನಗೆ ಅದರ ಮೇಲೆ ಪ್ರಾಣ. ನನ್ನ ಹೆಂಡತಿ ಮಂಜುಳಾಗೆ ಅದು 'ಕೆಂಪು ಡಬ್ಬ'. ಇತ್ತೀಚೆಗೆ ಗೇರ್ ಬದಲಿಸಿದಾಗಲೆಲ್ಲ ಕೆಳಗಿನಿಂದ 'ಧಡ್' ಎಂಬ ಶಬ್ದ ಬರುತ್ತಿತ್ತು. ಒಮ್ಮೆ ನಗರಗೆರೆಯಿಂದ ಬಂದಿದ್ದ ಅತ್ತೆಯನ್ನು ಕೂರಿಸಿಕೊಂಡು ಹೋದಾಗ ಅವರು ಬೆಚ್ಚಿಬಿದ್ದು, "ಯಾರೋ ಹಿಂದಿಂದ ಒದ್ದಂಗಾಯ್ತು ಕಣೇ" ಎಂದುಬಿಟ್ಟರು.

ಮಂಜುಳಾ ಅಂದೇ ಷರತ್ತು ಹಾಕಿದಳು. "ಮುಂದಿನ ಭಾನುವಾರ ಅಮ್ಮನ್ನ ಮುರುಗಮಲ್ಲಕ್ಕೆ ಕರ್ಕೊಂಡು ಹೋಗ್ಬೇಕು. ದರ್ಗಾದಲ್ಲಿ ಸಕ್ಕರೆ ಓದಿಸೋ ಹರಕೆ ಐತೆ. ದಾರೀಲಿ ಅಮ್ಮ ಒಂದು ಮಾತು ಬೇಜಾರಾಗಿ ಅಂದ್ರೂ ಈ ಡಬ್ಬ ಮಾರಿ, ಎಲ್ರೂ ನೆಟ್ಟಗೆ ಕೂರೋ ಗಾಡಿ ತರೋದು. ಸರೀನಾ?"

"ಸರಿ" ಎಂದೆ. ಹೆಬ್ಬೆರಳಿರುವವನಿಗೆ ಭಯವೇಕೆ?

ಚಿಕ್ಕಬಳ್ಳಾಪುರದ ಮೆಕ್ಯಾನಿಕ್ಕು ಕಾರಿನ ಕೆಳಗೆ ನುಸುಳಿ ನೋಡಿ, ಮೌಂಟು ಹೋಗಿದೆ ಎಂದ. ಗೇರ್‌ಬಾಕ್ಸನ್ನು ಕಾರಿನ ಮೈಗೆ ಹಿಡಿದಿಟ್ಟು, ಅದರ ನಡುಕವನ್ನೆಲ್ಲ ತಾನೇ ನುಂಗಿಕೊಳ್ಳುವ ರಬ್ಬರ್ ತುಂಡಂತೆ ಅದು. ಅವನು ಹೊಸ ರಬ್ಬರ್ ಹಾಕಿಕೊಡುತ್ತೇನೆಂದ. ನಾನು ಬಿಡಬೇಕಲ್ಲ! ರೇಸ್ ಕಾರುಗಳಿಗೆ ಪಾಲಿಯುರಿಥೇನ್ ಎಂಬ, ರಬ್ಬರಿಗಿಂತ ಗಟ್ಟಿ ಸಾಮಾನಿನ ಮೌಂಟು ಹಾಕುತ್ತಾರೆಂದು ಮೊಬೈಲಿನಲ್ಲಿ ನೋಡಿದ್ದೆ. ನೇರ ಬೆಂಗಳೂರಿನ ಬಿಡಿಭಾಗದ ಅಂಗಡಿಗೆ ಹೋದೆ.

ಅಂಗಡಿಯವನು ನೀಲಿ, ಕೆಂಪು, ಕಪ್ಪು ಮೂರು ಮೌಂಟು ತಂದಿಟ್ಟ. ನಾನು ಕಣ್ಣು ಮುಚ್ಚಿ ಒಂದೊಂದನ್ನೂ ಹೆಬ್ಬೆರಳಲ್ಲಿ ಒತ್ತಿದೆ. ನೀಲಿ ಸ್ವಲ್ಪ ಬಗ್ಗಿತು. ಕೆಂಪು ಬಗ್ಗಿದ ಹಾಗೆ ನಟಿಸಿತು. ಕಪ್ಪು ಜಪ್ಪಯ್ಯ ಎನ್ನಲಿಲ್ಲ! ಅಭ್ಯಾಸಬಲದಿಂದ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿಯೂ ನೋಡಿದೆ.

"ಸಾರ್, ಅದರಲ್ಲಿ ರೇಡಿಯೋ ಇಲ್ಲ" ಎಂದ ಅಂಗಡಿಯವನು. "ಮನೆ ಗಾಡಿಗಾದ್ರೆ ನೀಲಿ ತಗೊಳ್ಳಿ. ಕಪ್ಪು ರೇಸ್ ಓಡಿಸೋರಿಗೆ. ನಡುಕ ಎಲ್ಲಾ ಒಳಗೆ ಬರತ್ತೆ."

ಮಾರುವವನು ಯಾವ ರಾಶಿಯನ್ನು ಹೊಗಳುತ್ತಾನೋ ಅದರಲ್ಲೇ ಹುಳುಕಿರುತ್ತದೆ. ಇದು ಗೂಡಿನ ಮಾರ್ಕೆಟ್ಟಿನ ಮೊದಲ ಪಾಠ. ಮಾರಾಟವಾಗದ ನೀಲಿಯನ್ನು ನನ್ನ ತಲೆಗೆ ಕಟ್ಟಲು ನೋಡುತ್ತಿದ್ದಾನೆ! ನಾನು ಜಾಣನಗೆ ನಕ್ಕು ಕಪ್ಪನ್ನೇ ತಂದೆ.

ಜೋಡಿಸುವ ಮಹತ್ಕಾರ್ಯವನ್ನು ಮನೆಯಂಗಳದಲ್ಲೇ ಕೈಗೊಳ್ಳಲಾಯಿತು. ಸಹಾಯಕ್ಕೆ ಪಕ್ಕದ ಮನೆಯ ವೆಂಕಟರೋಣಪ್ಪ. ಕರೆಯದೆ ಬರುವುದು, ಹೇಳದ್ದನ್ನು ಮಾಡುವುದು ಅವರ ಗುಣ. ಗೇರ್‌ಬಾಕ್ಸು ಕೆಳಗೆ ಬೀಳದಂತೆ ಜಾಕಿನ ಮೇಲೆ ಮರದ ಹಲಗೆಯಿಟ್ಟು ಆನಿಸಬೇಕಿತ್ತು. ಹಲಗೆ ಸಿಗಲಿಲ್ಲ. ಮಂಜುಳಾಳ ಚಪಾತಿ ಮಣೆ ಸಿಕ್ಕಿತು.

ಹಳೆಯ ಮೌಂಟು ಸುಲಭವಾಗಿ ಬಂತು. ಹೊಸದು ಕೂರಲಿಲ್ಲ. ಸುತ್ತಿಗೆಯಲ್ಲಿ ಹೊಡೆದೆ. ಸುತ್ತಿಗೆ ಹೊಡೆದಷ್ಟೇ ರಭಸದಿಂದ ವಾಪಸ್ ಬಂದು ನನ್ನ ಮೊಣಕಾಲಿಗೆ ಬಡಿಯಿತು. "ಅಬ್ಬಬ್ಬಾ, ಎಂಥಾ ಗಟ್ಟಿ!" ಎಂದು ನೋವಿನಲ್ಲೂ ಹೆಮ್ಮೆಪಟ್ಟೆ. ಕೊನೆಗೆ ವೆಂಕಟರೋಣಪ್ಪ ಜಾಕನ್ನು ಇನ್ನಷ್ಟು ಎತ್ತಿದಾಗ ಬೋಲ್ಟು ಕೂತಿತು. ಚಪಾತಿ ಮಣೆ ಎರಡು ಹೋಳಾಯಿತು.

"ಮೌಂಟಿನ ಡಬ್ಬದಲ್ಲಿ ಗ್ರೀಸ್ ಪಾಕೀಟು ಇತ್ತಲ್ಲ, ಎಲ್ಲಿ?" ಎಂದೆ.

"ಏಮಪ್ಪಾ, ಅದು ಗ್ರೀಸಾ? ಗೋಬಿ ಜೊತೆ ಕೊಡೋ ಸಾಸ್ ಅಂದ್ಕೊಂಡೆ. ಮೋರಿಗೆ ಎಸೆದುಬಿಟ್ನಲ್ಲ!"

ಇರಲಿ ಎಂದು ಇಂಜಿನ್ ಚಾಲೂ ಮಾಡಿದೆ. ಸ್ಟೀರಿಂಗು ನಡುಗಿತು. ಕನ್ನಡಿ ನಡುಗಿತು. ಕನ್ನಡಿಯೊಳಗಿನ ನಾನೂ ನಡುಗಿದೆ. ಮುಂದೆ ಅಂಟಿಸಿದ್ದ ಗಣಪತಿ ತಾಂಡವ ಶುರುಮಾಡಿದ. ಪಕ್ಕದಲ್ಲಿ ಕೂತ ವೆಂಕಟರೋಣಪ್ಪನವರನ್ನು ಹೇಗಿದೆ ಎಂದು ಕೇಳಿದೆ. "ಚೆ-ಚೆ-ಚೆನ್ನಾಗೈತೆ" ಎಂದರು. ಅವರಿಗೆ ತೊದಲು ಇರಲಿಲ್ಲ. ಗೇರು ಮಾತ್ರ ಬೆಣ್ಣೆಯಂತೆ ಬೀಳುತ್ತಿತ್ತು. 'ಧಡ್' ಎಂಬುದು ಮಾಯ! ಅದರ ಜಾಗದಲ್ಲಿ, ಗ್ರೀಸಿಲ್ಲದ್ದಕ್ಕೆ, ನಾಯಿಮರಿಯ ಬಾಲ ತುಳಿದಂತೆ 'ಕುಂಯ್' ಎಂಬ ಸದ್ದು.

ಭಾನುವಾರದ ಷರತ್ತು ನೆನಪಾಯಿತು. ಆದರೆ ಒಂದು ಧೈರ್ಯವಿತ್ತು. ಅಳಿಯನ ಎದುರು ಅತ್ತೆ ಬೇಜಾರು ಹೇಳಿಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಹೋದ ಸಲ ಅಂದದ್ದೂ ಬೆಚ್ಚಿಬಿದ್ದು, ಮಗಳ ಕಡೆ ತಿರುಗಿ. ಧಡ್ ಇಲ್ಲದ ಮೇಲೆ ಬೆಚ್ಚುವ ಪ್ರಶ್ನೆಯೇ ಇಲ್ಲ!

ಭಾನುವಾರ ನಗರಗೆರೆಯಲ್ಲಿ ಅತ್ತೆಯನ್ನು ಹತ್ತಿಸಿಕೊಂಡೆ. ಹಿಂದಿನ ಸೀಟಿನಲ್ಲಿ ತಾಯಿ, ಮಗಳು, ಚಿತ್ರಾನ್ನದ ಡಬ್ಬಿ. ಗೌರಿಬಿದನೂರು ದಾಟುವಷ್ಟರಲ್ಲಿ ಡಬ್ಬಿಯ ಮುಚ್ಚಳ ತಾಳ ಹಾಕತೊಡಗಿತು. ಅತ್ತೆ ಎಲೆಗೆ ಸುಣ್ಣ ಹಚ್ಚಲು ಹೋದರೆ ಅದು ಮೂಗಿಗೆ ಹತ್ತಿತು. ಒಂದು ಮಾತಿಲ್ಲ. ಚಿಕ್ಕಬಳ್ಳಾಪುರದಲ್ಲಿ ಟೀ ಕುಡಿಯಲು ನಿಲ್ಲಿಸಿ ಇಂಜಿನ್ ಆರಿಸುವಷ್ಟರಲ್ಲಿ, ಸ್ಕಂದಗಿರಿ ಹತ್ತಿ ಇಳಿದು ಬಂದಿದ್ದ ಹುಡುಗರು ಕಾರನ್ನು ಮುತ್ತಿಕೊಂಡರು.

"ಅಂಕಲ್, ಪಾಲಿ ಮೌಂಟಾ? ಸಖತ್ ವೈಬ್ರೇಷನ್! ಕೊಡೋದಾದ್ರೆ ಹೇಳಿ!" ಎಂದು ಒಬ್ಬ ನಂಬರ್ ಕೊಟ್ಟ.

ನನ್ನ ಬಾಳಿನ ಅತ್ಯುನ್ನತ ಗಳಿಗೆ! ಹೆಮ್ಮೆಯಿಂದ ಹಿಂದೆ ತಿರುಗಿದೆ. ಅತ್ತೆ ಎರಡೂ ಕೈಯಲ್ಲಿ ಗದ್ದ ಹಿಡಿದುಕೊಂಡು ಕೂತಿದ್ದರು. ಇಂಜಿನ್ ಆರಿಸಿಯಾಗಿತ್ತು, ಆದರೂ ಕೈ ಬಿಟ್ಟಿರಲಿಲ್ಲ.

ಶಿಡ್ಲಘಟ್ಟ, ಚಿಂತಾಮಣಿ ದಾಟಿ ಮುರುಗಮಲ್ಲ ತಲುಪಿದೆವು. ಸಕ್ಕರೆ ಓದಿಸಿದ್ದಾಯಿತು. ಗೆದ್ದೆ ಎಂದುಕೊಂಡು ಕಾರಿನ ಬಾಗಿಲು ತೆಗೆದು ನಿಂತೆ. ಅತ್ತೆ ಸೆರಗು ಸರಿಮಾಡಿಕೊಂಡು, ಬಹಳ ವಿನಯದಿಂದ ಹೇಳಿದರು:

"ಕಾರು ಬಲು ಚೆನ್ನಾಗೈತೆ ಅಳಿಯಂದ್ರೇ. ನಾನು ಬಸ್ಸಲ್ಲಿ ಹೋಗ್ತೀನಿ."

"ಇದು ಬೇಜಾರಿನ ಮಾತಲ್ಲ!" ಎಂದು ನಾನು ಕೂಡಲೇ ಮಂಜುಳಾಗೆ ಕಾನೂನು ಹೇಳಿದೆ.

"ಅಲ್ವೇ ಅಲ್ಲ ಕಣ್ರೀ" ಎನ್ನುತ್ತಾ ಅವಳು ಚಿತ್ರಾನ್ನದ ಡಬ್ಬಿ ಸಮೇತ ಅಮ್ಮನ ಹಿಂದೆ ಬಸ್ಸು ಹತ್ತಿದಳು.

ಅತ್ತೆ ಕಿಟಕಿಯಿಂದ ಮುಖ ಹೊರಗೆ ಹಾಕಿ, ಅದೇನು ಸಾಮಾನು ಹಾಕಿಸಿದಿರೆಂದು ಕೇಳಿದರು. ಗೇರ್‌ಬಾಕ್ಸಿಗೆ ಆಸರೆ ಕೊಡುವ ಮೌಂಟು, ಹೆಬ್ಬೆರಳಲ್ಲಿ ಒತ್ತಿ ಅತಿ ಗಟ್ಟಿಯಾದದ್ದನ್ನೇ ಆರಿಸಿದೆ ಎಂದೆ. ವರ್ಷಗಟ್ಟಲೆ ಹುಳು ಸಾಕಿದ ಅವರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. "ಗೂಡು ಗಟ್ಟಿ ಇರ್ಬೇಕು, ಸರಿ. ದಿಂಬನ್ನೂ ಹಂಗೇ ಆರಿಸ್ತಾರಾ ಅಳಿಯಂದ್ರೇ?"

ಬಸ್ಸು ಹೊರಟಿತು. ಖಾಲಿ ಕಾರಿನಲ್ಲಿ ನಡುಗುತ್ತಾ, ಪ್ರತಿ ಗೇರಿಗೂ ಕುಂಯ್‌ಗುಟ್ಟುತ್ತಾ ಅದರ ಹಿಂದೆಯೇ ಹೋದೆ. ಬಸ್ಸಿನ ಹಿಂದಿನ ಗಾಜಿನಲ್ಲಿ ಅಮ್ಮ ಮಗಳು ನೆಮ್ಮದಿಯಾಗಿ ಚಿತ್ರಾನ್ನ ತಿನ್ನುವುದು ಕಾಣುತ್ತಿತ್ತು. ನನಗೆ ಹಸಿವಾಗಿತ್ತು, ನಿಜವಾಗಿಯೂ ಅಳು ಬಂದಿತ್ತು.

ಕೆಂಪು ಕಾರು ಆ ಸ್ಕಂದಗಿರಿಯ ಹುಡುಗನ ಪಾಲಾಯಿತು. ಅದು ಕುಂಯ್ ಎಂದು ತಿರುವು ದಾಟಿ ಮರೆಯಾಗುವವರೆಗೆ ಗೇಟಿನಲ್ಲೇ ನಿಂತಿದ್ದೆ. ಮಾರನೇ ವಾರ ಎಲ್ಲರೂ ನೆಟ್ಟಗೆ ಕೂರುವ ಬಿಳಿ ಗಾಡಿ ನೋಡಲು ಹೋದೆವು. ಷೋರೂಮಿನ ಹುಡುಗಿ, "ಸೀಟು ಚೆಕ್ ಮಾಡಿ ಸಾರ್" ಎಂದಳು. ನಾನು ಕೈ ಚಾಚಿದೆ.

ಮಂಜುಳಾ ಥಟ್ಟನೆ ನನ್ನ ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಬಿಲ್ ಆಗುವವರೆಗೂ ಬಿಡಲಿಲ್ಲ. ಸಹಿಯನ್ನೂ ಅವಳೇ ಹಾಕಿದಳು!